ಥ್ರಾಟಲ್ ಬಾಡಿ ಕ್ಲೀನಿಂಗ್: ಸರ್ವಿಸ್ ಬಿಲ್ಲಿನ ಈ ಸಾಲಿಗೆ ದುಡ್ಡು ಕೊಡಬೇಕೆ?

ಕಲಬುರಗಿ, ಬೀದರ್ ಕಡೆ ಪೆಟ್ರೋಲ್ ಕಾರನ್ನು ಸರ್ವಿಸ್‌ಗೆ ಬಿಟ್ಟರೆ ಆಯಿಲ್, ಫಿಲ್ಟರ್, ಅಲೈನ್‌ಮೆಂಟ್ ಜೊತೆಗೆ ಥ್ರಾಟಲ್ ಬಾಡಿ ಕ್ಲೀನಿಂಗ್ ಕೂಡ ಎಸ್ಟಿಮೇಟಿನಲ್ಲಿ ಬಂದು ಕೂರುವುದು ಮಾಮೂಲಾಗಿದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಬಟರ್‌ಫ್ಲೈ ಪ್ಲೇಟ್ ಎಂಬ ತಿರುಗುವ ತಟ್ಟೆಯಿಂದ ಹೆಚ್ಚು ಕಡಿಮೆ ಮಾಡುವ ಭಾಗವೇ ಥ್ರಾಟಲ್ ಬಾಡಿ. ಅದನ್ನು ಯಾಕೆ ತೊಳೆಸಬೇಕು ಎಂದು ಕೇಳಿದರೆ ಕೌಂಟರಿನಲ್ಲಿ ಉತ್ತರ ಸಿದ್ಧ: “ನಮ್ ಕಡಿ ಧೂಳು ಭಾಳ ಅದ ನೋಡ್ರಿ ಸರ್, ಹತ್ತು ಸಾವಿರಕ್ಕೊಮ್ಮೆ ಮಾಡಿಸಿದ್ರ ಛಲೋ.” ಸೇಡಂ, ವಾಡಿಯ ಸಿಮೆಂಟ್ ಲಾರಿಗಳ ಹಿಂದೆ ಓಡಿಸಿದವರು, ಶಹಾಬಾದ್ ಕಲ್ಲಿನ ಪುಡಿ ಬಾನೆಟ್ ಮೇಲೆ ಕೂತದ್ದನ್ನು ಕಂಡವರು ಈ ಮಾತಿಗೆ ತಲೆಯಾಡಿಸುತ್ತಾರೆ. ಧೂಳು ನಿಜ. ಆದರೆ ಥ್ರಾಟಲ್ ಬಾಡಿಯ ಕೊಳೆಗೆ ಧೂಳು ಮುಖ್ಯ ಕಾರಣವಲ್ಲ.

ಅಲ್ಲಿ ಕಟ್ಟುವುದು ಎಣ್ಣೆಯ ಮಸಿ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಹೊಗೆ ಆಯಿಲ್ ಆವಿಯನ್ನು ಹೊತ್ತುಕೊಂಡು ಪಿಸಿವಿ ಎಂಬ ಆವಿ ಪೈಪಿನ ಮೂಲಕ ಗಾಳಿಯ ದಾರಿಗೆ ಮರಳುತ್ತದೆ. ಎಂಜಿನ್ ಬಿಸಿಯಾಗಿದ್ದಾಗ ಆಫ್ ಮಾಡಿದರೆ ಆ ಆವಿ ನಿಧಾನಕ್ಕೆ ಮೇಲೆದ್ದು ಬಟರ್‌ಫ್ಲೈ ಪ್ಲೇಟಿನ ಅಂಚಿಗೆ ಅಂಟಿ, ಕಾಯ್ದು, ಗಟ್ಟಿಯಾಗುತ್ತದೆ. ಹೀಗಾಗಿ ಪ್ಲೇಟಿನ ಮುಂದಿಗಿಂತ ಹಿಂದೆ, ಎಂಜಿನ್ ಕಡೆಯೇ, ಕಪ್ಪು ಜಾಸ್ತಿ. ಸೂಪರ್ ಮಾರ್ಕೆಟಿಗೆ ಹೋಗಿ ಬರುವಷ್ಟೇ ಓಡಾಟ, ಮೇ ತಿಂಗಳ ಬಿಸಿಲಲ್ಲಿ ಎಸಿ ಹಾಕಿಕೊಂಡು ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಚಾಲೂ ಇಡುವುದು, ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿದರೂ ಕ್ಯಾನಿನಲ್ಲಿ ಉಳಿದ ಆಯಿಲ್ ಸುರಿದುಬಿಡುವುದು: ಮಸಿ ಬೇಗ ಕಟ್ಟುವುದು ಇವುಗಳಿಂದ. ಹುಮನಾಬಾದ್ ದಾಟಿ ಹೈದರಾಬಾದಿಗೆ ಹೆದ್ದಾರಿಯಲ್ಲಿ ಓಡುವ ಗಾಡಿಯ ಥ್ರಾಟಲ್ ಸಾಮಾನ್ಯವಾಗಿ ಇದಕ್ಕಿಂತ ಸ್ವಚ್ಛವಾಗಿಯೇ ಇರುತ್ತದೆ.

ಧೂಳೋ ಮಸಿಯೋ ಗೊತ್ತುಮಾಡಿಕೊಳ್ಳಲು ಬಿಳಿ ಬಟ್ಟೆಯ ತುಂಡು ಸಾಕು. ಫಿಲ್ಟರಿನಿಂದ ಥ್ರಾಟಲ್‌ಗೆ ಗಾಳಿ ತರುವ ಏರ್ ಡಕ್ಟ್ ಬಿಚ್ಚಿಸಿ, ಡಕ್ಟಿನ ಒಳಗೋಡೆಯನ್ನು ಒರೆಸಿ ನೋಡಿ. ಕಪ್ಪು ಜಿಗುಟು ಬಂದರೆ ಅದು ಆಯಿಲ್, ಗಾಬರಿ ಬೇಡ. ಬೂದಿ ಬಣ್ಣದ, ಬೆರಳಿಗೆ ಮರಳಿನಂತೆ ಸಿಗುವ ಪುಡಿ ಬಂದರೆ ಫಿಲ್ಟರ್ ಧೂಳನ್ನು ಒಳಗೆ ಬಿಡುತ್ತಿದೆ ಎಂದರ್ಥ. ಆಗ ಥ್ರಾಟಲ್ ತೊಳೆಸಿ ಪ್ರಯೋಜನವಿಲ್ಲ. ಫಿಲ್ಟರ್ ಬಾಕ್ಸಿನ ಕ್ಲಿಪ್ ಮುರಿದಿದೆಯೇ, ಫಿಲ್ಟರಿನ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ, ಡಕ್ಟ್ ಸೀಳಿದೆಯೇ ನೋಡಬೇಕು. ಸಿಲಿಂಡರನ್ನೂ ರಿಂಗನ್ನೂ ಸವೆಸುವುದು ಈ ಪುಡಿಯೇ. ನಮ್ಮ ರಸ್ತೆಗಳಿಗೆ ನಿಜವಾಗಿ ಬೇಕಾದ ಖರ್ಚು ಏರ್ ಫಿಲ್ಟರಿನದು: 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ, ಒಳಗಿನಿಂದ ಹೊರಗೆ ಕಡಿಮೆ ಒತ್ತಡದ ಗಾಳಿ ಹೊಡೆದು, ಪೇಪರ್ ಬಣ್ಣಗೆಟ್ಟಿದ್ದರೆ ಬದಲಿಸಿ. ಅದನ್ನು ಬಿಟ್ಟು ಥ್ರಾಟಲ್ ಕ್ಲೀನಿಂಗ್ ಮಾರುವ ಅಂಗಡಿ ಖರ್ಚಿನ ಕ್ರಮವನ್ನೇ ತಿರುಗಿಸಿದೆ.

ಹಾಗಿದ್ದರೆ ಮಾಡಿಸಲೇಬಾರದೆ? ಲಕ್ಷಣ ಕಂಡರೆ ಮಾಡಿಸಬೇಕು. ಐಡಲ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ಎಂಜಿನ್ ಚಾಲೂ ಇರುವಾಗ, ಪ್ಲೇಟ್ ಕೂದಲೆಳೆಯಷ್ಟು ಮಾತ್ರ ತೆರೆದಿರುತ್ತದೆ, ಆ ಸಂದಿನಲ್ಲಿ ಮಸಿಯ ತೆಳು ಪದರ ಕೂತರೂ ಗಾಳಿ ಕಡಿಮೆಯಾಗುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದ ಕೂಡಲೇ ಆರ್‌ಪಿಎಂ ಕುಸಿದು ಬಂದ್ ಬೀಳುವುದು, ಎಸಿ ಕಂಪ್ರೆಸರ್ ಹಿಡಿದಾಗ ಎಂಜಿನ್ ನಡುಗುವುದು, ಪೆಡಲಿನ ಮೊದಲ ಸ್ಪರ್ಶಕ್ಕೆ ಅಂಟಿಕೊಂಡಂತಾಗಿ ಆಮೇಲೆ ಜಿಗಿಯುವುದು, ಎಂಜಿನ್ನಿನ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0506 ಅಂದರೆ ಐಡಲ್ ತೀರಾ ಕಡಿಮೆ ಎಂಬ ಕೋಡ್ ಬರುವುದು, ಇವು ಸರಿಯಾದ ಕಾರಣಗಳು. ಲಕ್ಷಣ ಏನೂ ಇಲ್ಲದಿದ್ದರೆ 40,000 ಕಿ.ಮೀ. ಹೊತ್ತಿಗೆ ಡಕ್ಟ್ ಬಿಚ್ಚಿ ಟಾರ್ಚ್ ಹಾಕಿ ನೋಡುವುದಷ್ಟೇ ಸಾಕು. ಮೈಲೇಜ್ ಏರುತ್ತದೆ, ಪಿಕಪ್ ಬರುತ್ತದೆ ಎಂದು ಹೇಳಿ ಮಾರಿದರೆ ನಂಬಬೇಡಿ. ಹೆದ್ದಾರಿಯಲ್ಲಿ ಪ್ಲೇಟ್ ಸಾಕಷ್ಟು ತೆರೆದೇ ಇರುತ್ತದೆ, ಅಂಚಿನ ಮಸಿ ಅಲ್ಲಿ ಲೆಕ್ಕಕ್ಕಿಲ್ಲ. ಐಡಲ್ ನಡುಕಕ್ಕೆ ಸವೆದ ಸ್ಪಾರ್ಕ್ ಪ್ಲಗ್, ಸತ್ತ ಕಾಯಿಲ್, ಸೀಳಿದ ಪಿಸಿವಿ ಪೈಪ್ ಕೂಡ ಕಾರಣವಾಗಬಹುದು. ಇವನ್ನು ನೋಡದೆ ನೇರ ಸ್ಪ್ರೇ ಕ್ಯಾನಿಗೆ ಕೈ ಹಾಕುವ ಮಿಸ್ತ್ರಿ ಊಹೆಯ ಮೇಲೆ ಕೆಲಸ ಮಾಡುತ್ತಿದ್ದಾನೆ.

ಕೆಲಸ ಹೇಗೆ ಮಾಡುತ್ತಾರೆ ಎಂಬುದರ ಮೇಲೆ ಈ ಸೇವೆಯ ಬೆಲೆ ನಿಂತಿದೆ. ಒಳ್ಳೆಯ ಕಡೆ ಇದಕ್ಕೆ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಎಂಜಿನ್ ತಣ್ಣಗಿರಬೇಕು, ಏಕೆಂದರೆ ಕೆಲವು ಥ್ರಾಟಲ್ ಬಾಡಿಗೆ ಕೂಲಂಟ್ ಪೈಪುಗಳೂ ಸೇರಿರುತ್ತವೆ. ಕೀ ತೆಗೆದು, 10ರ ಪಾನಾದಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ಡಕ್ಟಿನ ಕ್ಲ್ಯಾಂಪ್ ಸಡಿಲಿಸಬೇಕು. ಹಿಂಬದಿಯ ಮಸಿ ತೆಗೆಯಲು ಬಾಡಿಯನ್ನು ಬಿಚ್ಚುವುದೇ ಉತ್ತಮ. ಹೆಚ್ಚಿನವು ಮೂರ್ನಾಲ್ಕು ಬೋಲ್ಟುಗಳ ಮೇಲೆ ನಿಂತಿರುತ್ತವೆ. ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಬೇಕು, ಹಟ ಹಿಡಿದ ಕಡೆ ಮೆತ್ತನೆಯ ನೈಲಾನ್ ಬ್ರಷ್. ಮೋಟಾರ್ ಮತ್ತು ಕನೆಕ್ಟರ್ ಇರುವ ಬದಿ ಮೇಲೇ ಇರಲಿ, ಇಲ್ಲವಾದರೆ ದ್ರವ ಶಾಫ್ಟ್ ಗುಂಟ ಸೆನ್ಸರಿಗೆ ಇಳಿಯುತ್ತದೆ. 500 ಮಿ.ಲೀ. ಕ್ಯಾನಿನ ಕಾಲು ಭಾಗ ಒಂದು ಕಾರಿಗೆ ಧಾರಾಳ. ಬಿಲ್ಲಿನಲ್ಲಿ ಪೂರ್ತಿ ಕ್ಯಾನ್ ಹಾಕಿದ್ದರೆ ಉಳಿದದ್ದನ್ನು ಕೇಳಿ ಪಡೆಯಿರಿ.

ಕೆಡುವುದು ಎಲ್ಲಿ? ಬಾಡಿಯನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆ ತಟ್ಟೆಯಲ್ಲಿ ಮುಳುಗಿಸುವುದು, ಎಮರಿ ಪೇಪರ್ ಉಜ್ಜುವುದು, ಥ್ರಾಟಲ್ ಕ್ಲೀನರ್ ಬದಲು ಹಳೆಯ ಕಾರ್ಬ್ (ಕಾರ್ಬುರೇಟರ್) ಕ್ಲೀನರ್ ಹೊಡೆಯುವುದು. ಕೆಲವು ಥ್ರಾಟಲ್‌ಗಳ ಒಳಗೋಡೆಗೆ ಕಂಪನಿಯೇ ಕಪ್ಪು ಲೇಪ ಕೊಟ್ಟಿರುತ್ತದೆ. ಅದನ್ನು ಮಸಿ ಎಂದು ಕೆರೆದು ತೆಗೆದರೆ ಪ್ಲೇಟಿನ ಸುತ್ತ ಗಾಳಿ ಸೋರಿ ಐಡಲ್ ಶಾಶ್ವತವಾಗಿ ಏರುತ್ತದೆ, ಹೊಸ ಬಾಡಿಯೇ ಗತಿ. ಎಲೆಕ್ಟ್ರಾನಿಕ್ ಥ್ರಾಟಲಿನ ಪ್ಲೇಟನ್ನು ಬೆರಳಿಂದ ಜೋರಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ. ಕೀ ಆನ್ ಇದ್ದರೆ ಮೋಟಾರ್ ಪ್ಲೇಟನ್ನು ಮುಚ್ಚಿ ಬೆರಳಿಗೇ ಗಾಯ. ಚಾಲೂ ಇರುವ ಎಂಜಿನ್ನಿಗೆ ಡಕ್ಟಿನಿಂದ ಸ್ಪ್ರೇ ಹೊಡೆದು ಐದು ನಿಮಿಷದಲ್ಲಿ ಮುಗಿಸುವ ಪದ್ಧತಿಗೆ ದುಡ್ಡು ಕೊಡುವುದೇ ದಂಡ: ಹಿಂಬದಿಯ ಪದರ ಹಾಗೇ ಉಳಿಯುತ್ತದೆ, ದ್ರವ ಏರ್‌ಫ್ಲೋ ಸೆನ್ಸರಿಗೆ ತಾಗಿದರೆ ಅದೂ ಕೆಡಬಹುದು.

ಡೀಸೆಲ್ ಗಾಡಿಯಲ್ಲಿ ಈ ಸಾಲು ಕಂಡರೆ ಸಂಶಯ ಪಡಿ. ಡೀಸೆಲ್ ಎಂಜಿನ್ನಿನ ವೇಗವನ್ನು ಥ್ರಾಟಲ್ ನಿಯಂತ್ರಿಸುವುದಿಲ್ಲ. ಅಲ್ಲಿ ಮಸಿ ತುಂಬುವುದು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮತ್ತು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ, ಅದು ಬೇರೆಯೇ ಕೆಲಸ. ಡೈರೆಕ್ಟ್ ಇಂಜೆಕ್ಷನ್ (ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ) ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ವಾಲ್ವ್ ಮೇಲಿನ ಕಾರ್ಬನ್ನಿಗೂ ಥ್ರಾಟಲ್ ಕ್ಲೀನಿಂಗಿಗೂ ಸಂಬಂಧವಿಲ್ಲ.

ಗಾಡಿ ತೆಗೆದುಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: “ಐಡಲ್ ಲರ್ನಿಂಗ್ ಮಾಡೀರೇನ್ರಿ?” ಮಸಿ ಇದ್ದಾಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪ್ಲೇಟನ್ನು ಸ್ವಲ್ಪ ಹೆಚ್ಚು ತೆರೆದಿಡಲು ಕಲಿತಿರುತ್ತದೆ. ಮಸಿ ಹೋದಮೇಲೂ ಅಷ್ಟೇ ತೆರೆದರೆ ಆರ್‌ಪಿಎಂ ಏರಿ ಪಿ0507 ಕೋಡ್ ಬರಬಹುದು. ಸ್ಕ್ಯಾನರಿನಿಂದ ರೀಸೆಟ್ ಮಾಡುವುದು ಸರಿಯಾದ ದಾರಿ. ಅದಿಲ್ಲದಿದ್ದರೆ ಎಸಿ, ಲೈಟ್ ಬಂದ್ ಮಾಡಿ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಟ್ಟು, ಆಮೇಲೆ ಎಸಿ ಹಾಕಿ ಇನ್ನೊಂದಿಷ್ಟು ಹೊತ್ತು ಪೆಡಲ್ ಮುಟ್ಟದೆ ಬಿಡಬೇಕು. ಬಹಳಷ್ಟು ಕಾರುಗಳು ತಾವೇ ಕಲಿತುಕೊಳ್ಳುತ್ತವೆ. ಬಿಸಿ ಎಂಜಿನ್ 700ರಿಂದ 850 ಆರ್‌ಪಿಎಂ ಸುತ್ತ ನಿಂತರೆ ಸರಿ. ಎರಡು ದಿನ ಓಡಿಸಿದರೂ 1,000ದ ಮೇಲೇ ಇದ್ದರೆ ಮತ್ತೆ ಕ್ಲೀನ್ ಮಾಡಲು ಬಿಡಬೇಡಿ. ಹಾಕದೆ ಬಿಟ್ಟ ಪಿಸಿವಿ ಪೈಪನ್ನೋ ಮಡಚಿ ಕೂತ ಗ್ಯಾಸ್ಕೆಟನ್ನೋ ಮೊದಲು ಹುಡುಕಿಸಿ.