ಫೈಲ್ ಸರ್ವರ್‌ನಲ್ಲಿ ಜಾಗ ಮೊದಲೇ ಹಿಡಿದಿಡುವುದು: ಸ್ಟ್ರಿಕ್ಟ್ ಅಲೊಕೇಟ್ ಮೇಲೋ, ಅಲೊಕ್‌ಸೈಜ್ ಮೇಲೋ?

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ ಒಂದರ ಫೈಲ್ ಸರ್ವರ್ ನೋಡಿಕೊಳ್ಳುತ್ತೇನೆ. ಲಿನಕ್ಸ್, ಅದರ ಮೇಲೆ ಸಾಂಬಾ (ವಿಂಡೋಸ್ ಮೆಷಿನ್‌ಗಳಿಗೆ ಫೈಲ್ ಹಂಚುವ ಸಾಫ್ಟ್‌ವೇರ್), ತಿರುಗುವ ಹಾರ್ಡ್ ಡಿಸ್ಕ್‌ಗಳಲ್ಲಿ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವ ವ್ಯವಸ್ಥೆ. ಒಬ್ಬರೇ ಕಾಪಿ ಹಾಕಿದರೆ ಯಾವ ತಕರಾರೂ ಇಲ್ಲ. ಮುಹೂರ್ತದ ಸೀಸನ್‌ನಲ್ಲಿ ನಾಲ್ಕೈದು ಜನ ಒಟ್ಟಿಗೆ ಕ್ಯಾಮೆರಾ ಕಾರ್ಡ್ ಖಾಲಿ ಮಾಡಲು ಕೂತರೆ ಮಾತ್ರ ಎಲ್ಲರದ್ದೂ ಕುಂಟುತ್ತದೆ. ಎಲ್ಲ ಫೈಲ್‌ಗಳೂ ಒಟ್ಟಿಗೆ ತುಸು ತುಸುವೇ ಬೆಳೆಯುವುದರಿಂದ ಒಂದರ ತುಂಡಿನ ಪಕ್ಕ ಇನ್ನೊಂದರ ತುಂಡು ಬಂದು ಕೂರುತ್ತದೆ. ಡಿಸ್ಕಿನ ಹೆಡ್ (ಓದುವ, ಬರೆಯುವ ಮುಳ್ಳು) ಅತ್ತಿಂದಿತ್ತ ಓಡಾಡಿಯೇ ಸುಸ್ತಾಗುತ್ತದೆ.

ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವ ಹಾಗೆ ಜಾಗವನ್ನು ಮೊದಲೇ ಹಿಡಿದಿಟ್ಟರೆ ಈ ರಗಳೆ ಕಡಿಮೆ. ಟವೆಲ್ ಹಾಕುವುದು ಯಾರು ಅನ್ನುವುದರಲ್ಲೇ ವ್ಯತ್ಯಾಸ ಇರುವುದು. ಸಾಂಬಾದ 'ಸ್ಟ್ರಿಕ್ಟ್ ಅಲೊಕೇಟ್' ಆದರೆ ಆ ಕೆಲಸ ಸಾಂಬಾದ್ದು. ಎಕ್ಸ್‌ಎಫ್‌ಎಸ್ ಮೌಂಟ್ ಆಪ್ಷನ್ (ಡಿಸ್ಕನ್ನು ಸಿಸ್ಟಂಗೆ ಜೋಡಿಸುವಾಗ ಕೊಡುವ ಸೆಟ್ಟಿಂಗ್) 'ಅಲೊಕ್‌ಸೈಜ್' ಆದರೆ ಫೈಲ್ ಸಿಸ್ಟಂನದ್ದು. ಎರಡನ್ನೂ ಒಂದೇ ಡಿಸ್ಕ್ ಮೇಲೆ ಬೇರೆ ಬೇರೆಯಾಗಿ ಹಾಕಿ ನೋಡಿದೆ.

ಮೊದಲು ಅಲೊಕ್‌ಸೈಜ್. ಇದು 4 ಕೆಬಿಯಿಂದ 1 ಜಿಬಿವರೆಗೆ, ಎರಡರ ಘಾತದಲ್ಲಿ ಕೊಡಬಹುದಾದ ಅಳತೆ. ಫೈಲ್ ಬೆಳೆಯುತ್ತಿದ್ದರೆ ಅದರ ಕೊನೆಯಾಚೆ ಅಷ್ಟು ಜಾಗವನ್ನು ಎಕ್ಸ್‌ಎಫ್‌ಎಸ್ ತಾನೇ ಹಿಡಿಯುತ್ತದೆ. ನಾನು 64 ಎಂಬಿ ಇಟ್ಟೆ. ಎಡಿಟಿಂಗ್ ಮೆಷಿನ್‌ನಿಂದ ನೇರ ಸರ್ವರ್‌ಗೆ ಎಕ್ಸ್‌ಪೋರ್ಟ್ ಮಾಡಿದಾಗ ಲಾಭ ಚೆನ್ನಾಗಿ ಕಂಡಿತು. ಫೈಲ್ ಎಷ್ಟು ತುಂಡಾಗಿದೆ ಎಂದು ತೋರಿಸುವ 'ಫೈಲ್‌ಫ್ರ್ಯಾಗ್' ಕಮಾಂಡ್ ಓಡಿಸಿದರೆ ಹಿಂದೆ ಸ್ಕ್ರೀನ್ ತುಂಬಿ ಹರಿಯುತ್ತಿದ್ದ ಎಕ್ಸ್‌ಟೆಂಟ್ (ಒಂದೇ ಕಡೆ ಸೇರಿರುವ ತುಂಡು) ಪಟ್ಟಿ ಈಗ ಒಂದೇ ನೋಟಕ್ಕೆ ಸಿಗುತ್ತದೆ. ಒಂದೇ ಕಿರಿಕಿರಿ ಎಂದರೆ, ಫೈಲ್ ತೆರೆದಿರುವಾಗ ಫೈಲ್ ಪಟ್ಟಿ ಕೊಡುವ 'ಎಲ್‌ಎಸ್' ಕಮಾಂಡ್ ಒಂದು ಸೈಜ್ ಹೇಳುತ್ತದೆ, ಡಿಸ್ಕಿನಲ್ಲಿ ಹಿಡಿದ ಜಾಗ ತೋರಿಸುವ 'ಡಿಯು' ಜಾಸ್ತಿ ಹೇಳುತ್ತದೆ. ಗಾಬರಿ ಬೇಡ, ಫೈಲ್ ಮುಚ್ಚಿದ ಮೇಲೆ ಹೆಚ್ಚಿನ ಜಾಗ ವಾಪಸ್ ಬರುತ್ತದೆ, ಕೆಲವು ಸಲ ಸ್ವಲ್ಪ ತಡವಾಗಿ.

ಆದರೆ ಕಾರ್ಡ್ ಕಾಪಿಯಲ್ಲಿ ಅಲೊಕ್‌ಸೈಜ್ ಏನೂ ಮಾಡಲಿಲ್ಲ. ಯಾಕೆ ಅಂತ ಸಾಂಬಾ ಪ್ರೋಸೆಸ್‌ಗೆ 'ಎಸ್‌ಟ್ರೇಸ್' (ಪ್ರೋಗ್ರಾಂ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಏನೇನು ಕೇಳುತ್ತದೆ ಎಂದು ತೋರಿಸುವ ಸಾಧನ) ಹಚ್ಚಿ ನೋಡಿದರೆ ಕಾರಣ ಅಲ್ಲೇ ಇತ್ತು. ವಿಂಡೋಸ್ ಎಕ್ಸ್‌ಪ್ಲೋರರ್ ಒಂದೂ ಬೈಟ್ ಡೇಟಾ ಕಳಿಸುವ ಮೊದಲೇ "ಈ ಫೈಲ್ ಇಷ್ಟು ಜಿಬಿ" ಎಂದು ಪೂರ್ತಿ ಸೈಜ್ ಹೇಳಿಬಿಡುತ್ತದೆ. ಸಾಂಬಾ ಅದನ್ನು 'ಎಫ್‌ಟ್ರಂಕೇಟ್' (ಫೈಲ್‌ನ ಉದ್ದ ಬದಲಿಸುವ ಕರೆ) ಆಗಿ ಕರ್ನಲ್‌ಗೆ ಕೊಡುತ್ತದೆ. ಹಾಗೆ ಕೊಟ್ಟಾಗ ಸೈಜ್ ಮಾತ್ರ ಬೆಳೆಯುತ್ತದೆ, ಡಿಸ್ಕಿನಲ್ಲಿ ನಿಜವಾದ ಜಾಗ (ಬ್ಲಾಕ್‌ಗಳು) ಸಿಗುವುದಿಲ್ಲ. ಆಮೇಲೆ ಬರುವ ಪ್ರತಿ ಬರಹವೂ ಫೈಲಿನ ಕೊನೆಯ ಒಳಗೇ ಬೀಳುತ್ತದೆ. ಕೊನೆ ದಾಟಿದರೆ ತಾನೇ ಎಕ್ಸ್‌ಎಫ್‌ಎಸ್ ಮುಂಗಡ ಜಾಗ ಹಿಡಿಯುವುದು?

ಸ್ಟ್ರಿಕ್ಟ್ ಅಲೊಕೇಟ್ ಗೆಲ್ಲುವುದು ಇಲ್ಲಿಯೇ. ಡಿಫಾಲ್ಟ್ ಆಗಿ ಇದು 'ನೋ'. 'ಯೆಸ್' ಮಾಡಿದರೆ, ಸೈಜ್ ಹೇಳಿದ ಕೂಡಲೇ ಸಾಂಬಾ 'ಎಫ್‌ಅಲೊಕೇಟ್' ಕರೆದು ಪೂರ್ತಿ ಜಾಗವನ್ನು ಒಂದೇ ಏಟಿಗೆ ಕಾದಿರಿಸುತ್ತದೆ. ಬ್ಲಾಕ್‌ಗಳಿಗೆ 'ಇನ್ನೂ ಬರೆದಿಲ್ಲ' ಎಂಬ ಗುರುತು ಬೀಳುತ್ತದೆ ಅಷ್ಟೇ, ಸೊನ್ನೆ ತುಂಬುವ ಕೆಲಸವಿಲ್ಲ. ಹಾಗಾಗಿ ಎಷ್ಟೇ ದೊಡ್ಡ ಫೈಲ್ ಆದರೂ ಕ್ಷಣದಲ್ಲಿ ಮುಗಿಯುತ್ತದೆ. ನಾಲ್ಕು ಜನ ಒಟ್ಟಿಗೆ ಹಾಕಿದರೂ ಅವರವರ ಫೈಲ್ ಅವರವರ ಜಾಗದಲ್ಲಿ. ಬರೆಯುವಾಗ ಹೆಡ್ ನಾಲ್ಕೂ ಕಡೆ ಓಡಾಡುವುದು ತಪ್ಪಲಿಲ್ಲ, ಆದರೆ ಕುಂಟಾಟ ತಗ್ಗಿತು. ಅದಕ್ಕಿಂತ ಹೆಚ್ಚಾಗಿ, ಮಾರನೇ ದಿನ ಆ ಫೈಲ್ ಓದಿ ಟೈಮ್‌ಲೈನ್ ಎಳೆದಾಡುವಾಗ ಸುಖ ಗೊತ್ತಾಗುತ್ತದೆ. ನನಗೆ ಇನ್ನೂ ಇಷ್ಟವಾದದ್ದು, ಡಿಸ್ಕ್‌ನಲ್ಲಿ ಜಾಗ ಸಾಲದಿದ್ದರೆ ಕಾಪಿ ಶುರುವಿನಲ್ಲೇ ನಿಲ್ಲುತ್ತದೆ. ಮುಕ್ಕಾಲು ಪಾಲು ಆದ ಮೇಲೆ ಕೈಕೊಡುವುದಿಲ್ಲ.

ಒಂದು ಎಚ್ಚರಿಕೆ. ಎಫ್‌ಅಲೊಕೇಟ್ ಗೊತ್ತಿಲ್ಲದ ಎಕ್ಸ್‌ಟಿ3 ತರಹದ ಹಳೆಯ ಫೈಲ್ ಸಿಸ್ಟಂನಲ್ಲಿ ಇದನ್ನು ಹಾಕಬೇಡಿ. ಸಾಂಬಾ ನಿಜವಾಗಿಯೂ ಸೊನ್ನೆ ಬರೆಯುತ್ತಾ ಕೂರುತ್ತದೆ, ಅಷ್ಟರಲ್ಲಿ ವಿಂಡೋಸ್ ಕಾದು ಕಾದು ಎರರ್ ಎಸೆಯುತ್ತದೆ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಲ್ಲಿ ಈ ಭಯ ಇಲ್ಲ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇದ್ದವರು ಈ ತಲೆನೋವೇ ಬಿಟ್ಟುಬಿಡಿ. ಅದು ಪ್ರತಿ ಸಲ ಹೊಸ ಜಾಗಕ್ಕೇ ಬರೆಯುವುದು, ಮೊದಲೇ ಹಿಡಿದಿಟ್ಟು ಏನು ಮಾಡೋದು?

ಮೂರನೆಯದು ಸಾಂಬಾದ 'ಪ್ರಿಅಲಾಕ್' ಮಾಡ್ಯೂಲ್. ಫೈಲ್ ಎಕ್ಸ್‌ಟೆನ್ಷನ್ ನೋಡಿ, ಇಂಥದ್ದಕ್ಕೆ ಇಷ್ಟು ಎಂಬಿ ಅಂತ ಹಿಡಿಯುತ್ತದೆ. ಎಲ್ಲ ಫೈಲೂ ಒಂದೇ ಗಾತ್ರದವಾದರೆ ಸರಿ. ತಾಳಿ ಕಟ್ಟುವ ಕ್ಲಿಪ್ಪೂ ಊಟದ ಪಂಕ್ತಿಯ ಕ್ಲಿಪ್ಪೂ ಒಂದೇ ಸೈಜ್ ಇರಲ್ಲ ಅಲ್ವಾ? ತೆಗೆದುಹಾಕಿದೆ.

ಈಗ ನಮ್ಮಲ್ಲಿ ಕಾರ್ಡ್ ಖಾಲಿ ಮಾಡುವ ಶೇರ್‌ಗೆ (ಸಾಂಬಾ ಹಂಚುವ ಫೋಲ್ಡರ್‌ಗೆ) ಮಾತ್ರ ಸ್ಟ್ರಿಕ್ಟ್ ಅಲೊಕೇಟ್ ಇದೆ, ಅದನ್ನು ಶೇರ್ ಶೇರ್‌ಗೆ ಬೇರೆಯಾಗಿ ಕೊಡಬಹುದು. ಎಕ್ಸ್‌ಪೋರ್ಟ್ ಹೋಗುವ ಡಿಸ್ಕ್‌ಗೆ ಅಲೊಕ್‌ಸೈಜ್. ಪ್ರಾಜೆಕ್ಟ್ ಫೈಲ್, ಪ್ರಿವ್ಯೂ ಎಲ್ಲ ಎಸ್‌ಎಸ್‌ಡಿ ಮೇಲಿವೆ. ಅಲ್ಲಿ ಓಡಾಡಲು ಹೆಡ್ಡೇ ಇಲ್ಲ, ಎರಡನ್ನೂ ಹಾಕಿಲ್ಲ.