ಕೊಡಗಿನ ‘ಹೋಮ್‌ಮೇಡ್’ ಚಾಕೊಲೇಟ್: ಬೋರ್ಡಿಗಿಂತ ಚೀಟಿ ಮುಖ್ಯ

ಮಡಿಕೇರಿ ಪೇಟೆಯಲ್ಲೂ ಕುಶಾಲನಗರದ ರಸ್ತೆಯಲ್ಲೂ ಸಾಲುಸಾಲಾಗಿ ಕಾಣುವ ಬೋರ್ಡು ‘ಹೋಮ್‌ಮೇಡ್ ಚಾಕೊಲೇಟ್’. ಮನೆಯಲ್ಲಿ ಮಾಡಿದ್ದು ಎಂಬುದು ಆ ಪದದ ಅರ್ಥ. ಅಂಗಡಿಯ ಬಳಕೆಯಲ್ಲಿ ಮಾತ್ರ ಅದು ಕಂಪನಿ ಹೆಸರಿಲ್ಲದ, ಊರಲ್ಲೇ ಅಚ್ಚಿಗೆ ಹೊಯ್ದ, ತೂಕಕ್ಕೆ ಮಾರುವ ಚಾಕೊಲೇಟ್. ಕೋಕೋ ಬೀಜ ಹುರಿದು ನುಣ್ಣಗೆ ಅರೆಯುವುದು ಯಂತ್ರದ ಕೆಲಸ. ಪಕ್ಕದ ಪುತ್ತೂರಿನಲ್ಲಿ ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ 1986ರಿಂದ ಅದಕ್ಕೆಂದೇ ಕಾರ್ಖಾನೆ ನಡೆಸುತ್ತಿದೆ.

ಇಲ್ಲಿನ ಸಾಮಾನ್ಯ ಕ್ರಮ ಸುಲಭದ್ದು. ಕಾಂಪೌಂಡ್ ಎಂಬ ಅಗ್ಗದ ಸಿದ್ಧ ಚಾಕೊಲೇಟಿನ ಗಟ್ಟಿ ತಂದು, ತುಂಡು ಮಾಡಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸುಮಾರು 45 ಡಿಗ್ರಿಗೆ ಕರಗಿಸಿ, ಗೋಡಂಬಿ, ಒಣದ್ರಾಕ್ಷಿ ಅಥವಾ ಹುರಿದ ಕಾಫಿ ಬೀಜ ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಒಂದು ಹನಿ ನೀರು ಬಿದ್ದರೂ ಮಿಶ್ರಣ ಗಂಟುಗಂಟಾಗುತ್ತದೆ. ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಯಂಥ ಸಸ್ಯಜನ್ಯ ಕೊಬ್ಬಿರುತ್ತದೆ. ಹಾಗಾಗಿ ಅದಕ್ಕೆ ಟೆಂಪರಿಂಗ್, ಅಂದರೆ ಹದವರಿತು ತಣಿಸಿ ಮತ್ತೆ ಬಿಸಿ ಮಾಡುವ ಕೆಲಸ ಬೇಡ, ಬೆಲೆಯೂ ಕಡಿಮೆ. ಕೋಕೋ ಬೆಣ್ಣೆಯ ಡಾರ್ಕ್ ಚಾಕೊಲೇಟನ್ನು 45ರಿಂದ ಸುಮಾರು 27 ಡಿಗ್ರಿಗೆ ಇಳಿಸಿ, ಮತ್ತೆ 31ಕ್ಕೆ ಏರಿಸಬೇಕು. ಇಲ್ಲದಿದ್ದರೆ ಹೊಳಪು ಬರುವುದಿಲ್ಲ, ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಗುರುತಿಸುವುದು ಕಷ್ಟವಲ್ಲ. ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ನಾಲಿಗೆ ಮೇಲೆ ಜಾರಿ ಮಾಯವಾಗುತ್ತದೆ. ಕಾಂಪೌಂಡ್ ಅಂಗುಳಕ್ಕೆ ಮೇಣದ ಹಾಗೆ ಹತ್ತಿಕೊಳ್ಳುವುದುಂಟು. ತುಂಡು ಮುರಿದಾಗ ಟಕ್ಕೆಂದರೆ ಒಳ್ಳೆಯದು. ಪೊಟ್ಟಣದ ಚೀಟಿಯಲ್ಲಿ ಕೋಕೋ ಬೆಣ್ಣೆ ಮೊದಲೋ, ಸಸ್ಯಜನ್ಯ ಕೊಬ್ಬು ಮೊದಲೋ ನೋಡಿ: ಹೆಚ್ಚು ಹಾಕಿದ್ದನ್ನೇ ಮುಂದೆ ಬರೆಯಬೇಕೆಂಬುದು ನಿಯಮ. ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಮತ್ತು ತಯಾರಿಸಿದ ದಿನಾಂಕ ಇರಲೇಬೇಕು. ಚೀಟಿಯೇ ಇಲ್ಲದ ಸಡಿಲ ಚಾಕೊಲೇಟನ್ನು ಮಳೆಗಾಲದಲ್ಲಿ ಕೊಳ್ಳದಿರುವುದೇ ಮೇಲು. ತೇವಕ್ಕೆ ಸಕ್ಕರೆ ಮೇಲೆದ್ದು ತರಿತರಿಯಾಗುತ್ತದೆ, ಒಳಗಿನ ಗೋಡಂಬಿಯೂ ಮುಗ್ಗುತ್ತದೆ.

ಕಾಂಪೌಂಡ್ ವಿಷವಲ್ಲ. ಮಕ್ಕಳಿಗೆ ಹಂಚಲು, ಬಸ್ಸಿನಲ್ಲಿ ಒಯ್ಯಲು ಅದೇ ಅನುಕೂಲ. ಆದರೆ ಅಪ್ಪಟ ಚಾಕೊಲೇಟಿನ ಬೆಲೆ ಕೇಳಿದರೆ ಕೊಡಬೇಡಿ. ಹುರಿದ ಕಾಫಿ ಬೀಜ ಹಾಕಿದ್ದು ಮಾತ್ರ ನಿಜಕ್ಕೂ ಕೊಡಗಿನ ರುಚಿ, ಆರಿಸುವುದಾದರೆ ಅದನ್ನೇ ಆರಿಸಿ.

ಅದೇ ಅಂಗಡಿಗಳ ‘ಹೋಮ್‌ಮೇಡ್’ ಸಾಲಿನಲ್ಲಿ ಆ ಹೆಸರಿಗೆ ಹೆಚ್ಚು ತಕ್ಕದ್ದು ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಗೆ ಬಳಸುವ ಕಪ್ಪು ಹುಳಿರಸ. ಮಾಗಿದ ಉಪ್ಪಾಗೆ ಹಣ್ಣನ್ನು ಬುಟ್ಟಿಯಲ್ಲಿಟ್ಟು, ಸೋರಿದ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸುವ ಕೆಲಸ ಇಂದಿಗೂ ಹೆಚ್ಚಾಗಿ ಮನೆಗಳಲ್ಲೇ ನಡೆಯುತ್ತದೆ. ಬಾಟಲಿ ಓರೆ ಮಾಡಿದಾಗ ನಿಧಾನಕ್ಕೆ ಇಳಿಯಬೇಕು. ನೀರಿನಂತೆ ಹರಿದು ವಿನೆಗರ್ ವಾಸನೆ ಹೊಡೆದರೆ ಬೇಡ. ಒಂದು ಕಿಲೋ ಪಂದಿಕರಿಗೆ ಒಂದೆರಡು ಟೀಚಮಚ ಸಾಕು, ಅದೂ ಮಾಂಸ ಬೆಂದ ಮೇಲೆ. ಹುಳಿ ಲೋಹವನ್ನು ತಿನ್ನುವುದರಿಂದ ಗಾಜಿನ ಬಾಟಲಿಯಲ್ಲಿದ್ದದ್ದನ್ನೇ ಕೊಳ್ಳಿ.