ಕೊಳೆರೋಗದ ಲೆಕ್ಕಕ್ಕೆ ಜಿಆರ್‌ಎಫ್: ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ, ಹೊಸನಗರ ಭಾಗದ ಅಡಿಕೆ ತೋಟಗಳ ಮಾಹಿತಿಯನ್ನು ವಿಶ್ಲೇಷಿಸಲು ನಾನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಿಆರ್‌ಎಫ್ (ಜನರಲೈಸ್ಡ್ ರ‍್ಯಾಂಡಮ್ ಫಾರೆಸ್ಟ್ಸ್) ಪ್ಯಾಕೇಜನ್ನು ಮೂರು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಎರಡು ಸಲ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಸಿದ ಮೇಲೂ ಮಳೆ ಬಿಡದಿದ್ದಾಗ ಮೂರನೆಯ ಸಲ ಹೊಡೆಸಿದರೆ ಕೊಳೆ ಎಷ್ಟು ತಗ್ಗುತ್ತದೆ, ಆ ಪ್ರಯೋಜನ ಬಿಸಿಲು ಕಾಣದ ಕಣಿವೆಯ ತೋಟಕ್ಕೂ ಗಾಳಿಯಾಡುವ ಗುಡ್ಡದ ಬದಿಯ ತೋಟಕ್ಕೂ ಒಂದೇ ಆಗಿರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಸರಾಸರಿ ಹೇಳುವ ತಂತ್ರಾಂಶಗಳಿಗೆ ಬರವಿಲ್ಲ. ಬದಲಾಗುವ ಪರಿಣಾಮವನ್ನು ಅದರ ಅನಿಶ್ಚಿತತೆಯ ಸಮೇತ ಹೇಳುವವು ಕಡಿಮೆ.

ಸುಸಾನ್ ಏಥಿ, ಜೂಲಿ ಟಿಬ್ಶಿರಾನಿ ಮತ್ತು ಸ್ಟೆಫಾನ್ ವೇಗರ್ 2019ರಲ್ಲಿ ಪ್ರಕಟಿಸಿದ ವಿಧಾನ ಈ ಪ್ಯಾಕೇಜಿನ ತಳಹದಿ. ಇದರಲ್ಲಿರುವ, ಒಂದು ಕ್ರಮದ ಪರಿಣಾಮವನ್ನು ಅಂದಾಜಿಸುವ ಕಾಸಲ್ ಫಾರೆಸ್ಟ್ ಎಂಬ ಸಾಧನ, ಯಾವ ತೋಟಕ್ಕೆ ಔಷಧಿ ಬೀಳುವ ಸಂಭವ ಎಷ್ಟು, ಔಷಧಿಯ ವಿಚಾರ ಬಿಟ್ಟರೆ ಅಲ್ಲಿ ನಿರೀಕ್ಷಿಸಬಹುದಾದ ಫಲಿತಾಂಶ ಎಷ್ಟು ಎಂಬೆರಡನ್ನೂ ಮೊದಲು ಅಂದಾಜಿಸಿ ಕಳೆದು, ಉಳಿದದ್ದರಲ್ಲಿ ಪರಿಣಾಮವನ್ನು ಹುಡುಕುತ್ತದೆ. ಬೇರೆ ಏನೂ ಹೇಳದಿದ್ದರೆ 2000 ‘ಮರ’ಗಳನ್ನು, ಅಂದರೆ ದತ್ತಾಂಶವನ್ನು ಕವಲು ಕವಲಾಗಿ ಗುಂಪು ಮಾಡುವ ನಿರ್ಣಯ ವೃಕ್ಷಗಳನ್ನು, ಬೆಳೆಸುತ್ತದೆ. ಪ್ರತಿ ಮರಕ್ಕೂ ಆರಿಸಿಕೊಂಡ ಮಾದರಿಯ ಅರ್ಧದಿಂದ ಕವಲುಗಳನ್ನು ನಿರ್ಧರಿಸಿ, ಇನ್ನರ್ಧದಿಂದ ಎಲೆಗಳ (ಕವಲುಗಳ ತುದಿಯ ಗುಂಪುಗಳ) ಮೌಲ್ಯ ತುಂಬುವ ‘ಹಾನೆಸ್ಟಿ’ ಎಂಬ ವ್ಯವಸ್ಥೆಯಿಂದಾಗಿ ಅದರ ವಿಶ್ವಾಸಾಂತರಗಳನ್ನು (ನಿಜವಾದ ಪರಿಣಾಮ ಇರಬಹುದಾದ ವ್ಯಾಪ್ತಿಗಳನ್ನು) ನಂಬಬಹುದು. ಆದರೆ ತೋಟಗಳ ಸಂಖ್ಯೆ ಕಡಿಮೆಯಿದ್ದಾಗ ಈ ಅರ್ಧಂಬರ್ಧವೇ ದುಬಾರಿಯಾಗುತ್ತದೆ.

ಮೊದಲ ವರ್ಷ ಮೂರನೆಯ ಸಲ ಹೊಡೆಸಿದ ತೋಟಗಳಲ್ಲೇ ಕೊಳೆ ಹೆಚ್ಚೆಂಬ ಉತ್ತರ ಬಂದಾಗ ನಾನು ತಂತ್ರಾಂಶವನ್ನೇ ಅನುಮಾನಿಸಿದ್ದೆ. ತಪ್ಪು ನನ್ನದಾಗಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದೇ ಕಷ್ಟವಾಗಿರುವಾಗ, ಗೊನೆಯಲ್ಲಿ ಕೊಳೆ ಕಣ್ಣಿಗೆ ಬಿದ್ದವರೇ ಮತ್ತೊಮ್ಮೆ ಅವರನ್ನು ಕರೆಸುತ್ತಾರೆ. ಆ ಹೊತ್ತಿಗೆ ಉದುರಿದ್ದ ಕಾಯಿಯ ಪ್ರಮಾಣವನ್ನು ನಾನು ದಾಖಲಿಸಿಯೇ ಇರಲಿಲ್ಲ. ಇಲ್ಲದ ಕಾಲಮ್ಮನ್ನು ಎಷ್ಟು ಮರ ಬೆಳೆಸಿದರೂ ಈ ಪ್ಯಾಕೇಜು ಹುಟ್ಟಿಸಲಾರದು. ಮರುವರ್ಷ ಆ ಕಾಲಮ್ಮು ಸೇರಿದ ಮೇಲೆ ಉತ್ತರ ತಿರುಗಿತು. ಕೆಲವು ತೋಟಗಳಲ್ಲಿ ಔಷಧಿ ಬೀಳುವ ಸಂಭವ ಸೊನ್ನೆ ಅಥವಾ ಒಂದಕ್ಕೆ ತೀರಾ ಹತ್ತಿರವಿದೆಯೆಂಬ ಎಚ್ಚರಿಕೆಯೂ ಬಂತು. ಹೋಲಿಸಲು ಜೊತೆಯೇ ಇಲ್ಲದ ತೋಟಗಳ ಬಗ್ಗೆ ಮಾತಾಡಬೇಡ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ತಂತ್ರಾಂಶ ನಾನು ಇನ್ನೊಂದು ಕಂಡಿಲ್ಲ.

ಒಂದೇ ಊರಿನ ತೋಟಗಳು ಒಂದೇ ಮಳೆಗೆ ನೆನೆಯುವುದರಿಂದ ಊರನ್ನು ಕ್ಲಸ್ಟರ್ (ಒಂದೇ ಗುಂಪು) ಎಂದು ಪ್ಯಾಕೇಜಿಗೆ ಕೊಡಲೇಬೇಕು. ಅದನ್ನು ಮರೆತರೆ ವಿಶ್ವಾಸಾಂತರಗಳು ಸುಳ್ಳೇ ಕಿರಿದಾಗುತ್ತವೆ. ಇನ್ನೊಂದು ಬಲೆಯೆಂದರೆ, ಕಲಿಸಿದ ದತ್ತಾಂಶವನ್ನೇ ಹೊಸದೆಂಬಂತೆ ಅಂದಾಜು ಕೊಡುವ ‘ಪ್ರೆಡಿಕ್ಟ್’ ಆಜ್ಞೆಗೆ ಮತ್ತೆ ಕೊಟ್ಟರೆ ಔಟ್-ಆಫ್-ಬ್ಯಾಗ್ ಅಂದಾಜು, ಅಂದರೆ ಆ ತೋಟವನ್ನು ಬಳಸದೆ ಬೆಳೆಸಿದ ಮರಗಳಿಂದಷ್ಟೇ ಬರುವ ಅಂದಾಜು, ಸಿಗುವುದಿಲ್ಲ. ಮಣ್ಣಿನ ಬಗೆಯಂಥ ಹೆಸರುಗಳನ್ನು ನಾವೇ ಅಂಕಿಗಳಿಗೆ ಇಳಿಸಬೇಕಾದದ್ದು ಕಿರಿಕಿರಿ. ಬಿಟ್ಟುಹೋದ ಮೌಲ್ಯಗಳಿದ್ದರೂ ಕೆಲಸ ನಿಲ್ಲದಿರುವುದು, ಮಳೆಯಲ್ಲಿ ನೆಂದ ನೋಟುಬುಕ್ಕಿನಿಂದ ಅಂಕಿ ಇಳಿಸುವ ನಮ್ಮಂಥವರಿಗೆ ದೊಡ್ಡ ಅನುಕೂಲ. ಹಣ ಕೊಡಬೇಕಾಗಿಲ್ಲ, ದಾಖಲೆಗಳು ಚೆನ್ನಾಗಿವೆ.

ಪಕ್ಕದ ತೋಟದ ಹಿರಿಯರು ಈ ಆಗಸ್ಟ್‌ನಲ್ಲಿ, “ನನ್ನ ತೋಟಕ್ಕೆ ಇನ್ನೊಂದ್ಸಲ ಹೊಡೆಸ್ಲಾ, ಬೇಡ್ವಾ? ನಿನ್ನ ಕಂಪ್ಯೂಟರ್ ಏನು ಹೇಳತ್ತೆ?” ಎಂದು ಕೇಳಿದರು. ಅವರ ತೋಟದ ಅಂದಾಜಿನ ವಿಶ್ವಾಸಾಂತರ ಸೊನ್ನೆಯ ಎರಡೂ ಬದಿಗೆ ಚಾಚಿತ್ತು. ಕಣಿವೆಯ ತೋಟಗಳಿಗೆ ಒಟ್ಟಾರೆ ಪ್ರಯೋಜನ ಕಂಡಿದೆ, ನಿಮ್ಮದೊಂದರ ಬಗ್ಗೆ ಖಚಿತವಾಗಿ ಹೇಳಲಾರೆ ಎಂದೆ. ಅವರು ಗೊನೆಯತ್ತ ಒಮ್ಮೆ ನೋಡಿ ಕೊನೆಗಾರನಿಗೆ ಫೋನು ಮಾಡಿದರು.